ಮಾಳಿಗೆಯ ಮಣ್ಣು

ಹೋಟಗಿಯಿಂದ ವಿಜಯಪುರಕ್ಕೆ ಹೊರಟ ರೈಲು ಭೀಮೆಯನ್ನು ದಾಟಿ ಲಚ್ಯಾಣದ ಹತ್ತಿರ ಬಂತೆಂದರೆ ನನ್ನ ಕಣ್ಣು ಹೊಲಕ್ಕಿಂತ ಮೊದಲು ಮನೆಗಳ ತಲೆಯ ಮೇಲೆ ಹೋಗುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆ ಹಳೆಯ ಮನೆಯೆಂದರೆ ಮಣ್ಣಿನ ಮಾಳಿಗೆ: ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ-ಸೊಪ್ಪು, ಎಲ್ಲದರ ಮೇಲೆ ಅಡಿಯಷ್ಟು ಮಣ್ಣು. ಈಗ ಆ ಜಾಗಕ್ಕೆ ತಗಡು ಬಂದಿದೆ, ಸ್ಲ್ಯಾಬು ಬಂದಿದೆ. ಬಿಸಿಲು ಮಾತ್ರ 42 ಡಿಗ್ರಿಯ ಅದೇ ಬಿಸಿಲು.

ಯಾವ ವಸ್ತು ಶಾಖವನ್ನು ಎಷ್ಟು ಸಲೀಸಾಗಿ ಸಾಗಿಸುತ್ತದೆ ಎಂದು ಲೆಕ್ಕ ಹಾಕುವ ದಾರಿಯನ್ನು ಫ್ರಾನ್ಸಿನ ಫೂರಿಯೆ 1822ರಲ್ಲೇ ಪುಸ್ತಕ ಬರೆದು ತೋರಿಸಿದ. ವಸ್ತುವಿನ ಆ ಗುಣದ ಹೆಸರು ಉಷ್ಣವಾಹಕತೆ. ಮೀಟರ್-ಕೆಲ್ವಿನ್‌ಗೆ ಇಷ್ಟು ವ್ಯಾಟ್ ಎಂಬ ಲೆಕ್ಕದಲ್ಲಿ ಉಕ್ಕಿಗೆ ಅದು ಸುಮಾರು 50, ಕಾಂಕ್ರೀಟಿಗೆ ಒಂದೂವರೆಯ ಆಸುಪಾಸು, ಒಣಮಣ್ಣಿಗೆ ಅರೆಯಿಂದ ಮುಕ್ಕಾಲು, ಥರ್ಮೋಕೋಲಿಗೆ 0.035. ಕದಲದೆ ನಿಂತ ಗಾಳಿಗೆ ಬರೀ 0.025. ಆದರೆ ಅಂಕಿಯಷ್ಟೇ ಸಾಲದು, ದಪ್ಪವೂ ಬೇಕು. ಅರ್ಧ ಮಿಲಿಮೀಟರಿನ ತಗಡು ಶಾಖಕ್ಕೆ ಅಡ್ಡಿಯೇ ಅಲ್ಲ. ಒಂದಡಿ ಮಣ್ಣು ಐದಿಂಚಿನ ಸ್ಲ್ಯಾಬಿಗಿಂತ ಐದಾರು ಪಟ್ಟು ಹೆಚ್ಚು ತಡೆಯುತ್ತದೆ. ಜೊತೆಗೆ ತಡಮಾಡುತ್ತದೆ ಕೂಡ: ಮಧ್ಯಾಹ್ನದ ಕಾವು ದಪ್ಪ ಗೋಡೆಯ ಒಳಮೈಗೆ ಬರುವಷ್ಟರಲ್ಲಿ ರಾತ್ರಿಯಾಗಿ, ಮನೆಮಂದಿ ಹಾಸಿಗೆ ಎತ್ತಿಕೊಂಡು ಮಾಳಿಗೆ ಏರಿರುತ್ತಾರೆ. ವಿಜಯಪುರದ ಗೋಳಗುಮ್ಮಟದ ಗೋಡೆ ಸುಮಾರು ಮೂರು ಮೀಟರ್ ದಪ್ಪ. ಬೇಸಿಗೆಯಲ್ಲಿ ಒಳಗೆ ಕಾಲಿಟ್ಟವರಿಗೆ ಅದರ ಬೆಲೆ ಗೊತ್ತು.

ಹಾಗಂತ ಎಲ್ಲರೂ ಮಣ್ಣಿನ ಮಾಳಿಗೆಗೆ ಮರಳಲಿ ಎಂದು ನಾನು ಹೇಳಲಾರೆ. ವರ್ಷವರ್ಷ ಮೇಲೆ ಮಣ್ಣು ಹಾಕುವ ದುಡಿಮೆ, ಮಳೆಗಾಲದ ಸೋರಿಕೆ, ಇವು ಹೇಗೋ ಸಹಿಸಬಹುದಾದವು. ತಲೆಯ ಮೇಲಿನ ಆ ಮಣ್ಣಿನ ಭಾರ ಹಾಗಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿ ನಡುಗಿದಾಗ ಸಾವಿರಾರು ಜನ ಸತ್ತರು. ಕಲ್ಲುಗೋಡೆ ಬಿರಿದು, ಮಣ್ಣು ಹೇರಿದ ಮಾಳಿಗೆ ಮಲಗಿದ್ದವರ ಮೇಲೆ ಕುಸಿಯಿತು. ಕಿಲ್ಲಾರಿ ನಮಗೇನು ದೂರದ್ದಲ್ಲ, ಅಲ್ಲಿಯ ಮನೆಗಳೂ ನಮ್ಮ ಮನೆಗಳಂಥವೇ. ಸ್ಲ್ಯಾಬು ಬೇಕು ಎನ್ನುವವರನ್ನು ನಾನು ಎಂದೂ ತಪ್ಪೆನ್ನುವುದಿಲ್ಲ.

ಹಾಗಾದರೆ ಭಾರವಿಲ್ಲದೆ ತಂಪು ಹೇಗೆ? ಗಾಳಿಯನ್ನೇ ಹಿಡಿದಿಟ್ಟುಕೊಳ್ಳಬೇಕು. ತಗಡಿನ ಮೇಲೆ ಕಬ್ಬಿನ ರವದಿಯನ್ನೋ ಜೋಳದ ಕಣಕಿಯನ್ನೋ ಹರಡುವವರು ಮಾಡುವುದು ಅದನ್ನೇ. ಕಿಡಿ ಬಿದ್ದರೆ ಗತಿಯೇನು ಎಂಬುದೊಂದೇ ನನ್ನ ಅಂಜಿಕೆ. ಸ್ಲ್ಯಾಬಿಗಾದರೆ ಮಣ್ಣಿನ ಗಡಿಗೆಗಳನ್ನು ಬೋರಲು ಹಾಕಿ, ಸಂದುಗಳಿಗೆ ಸುಣ್ಣದ ಗಾರೆ ತುಂಬಿ, ಮೇಲೆ ಬಿಳಿ ಬಳಿಯುವ ಪದ್ಧತಿ ಇದೆ. ಪ್ರತಿ ಗಡಿಗೆಯಲ್ಲೂ ಒಂದಿಷ್ಟು ಗಾಳಿ ಸೆರೆ. ಮೇಲ್ಮೈಗೆ ಇಳಿಜಾರು ಕೊಟ್ಟು ನೀರು ಹೋಗಲು ದಾರಿ ಮಾಡಲೇಬೇಕು, ಏಕೆಂದರೆ ನೀರಿನ ಉಷ್ಣವಾಹಕತೆ ಗಾಳಿಯದಕ್ಕಿಂತ ಇಪ್ಪತ್ತು ಪಟ್ಟಿಗೂ ಮಿಕ್ಕಿದ್ದು, ನೆನೆದ ಹೊದಿಕೆ ಕಾವನ್ನು ಒಳಗೆ ಬಿಟ್ಟುಬಿಡುತ್ತದೆ. ಸ್ಲ್ಯಾಬು ಹಾಕಿಸುವಾಗ ಗೌಂಡಿಯ ಜೊತೆಗೆ ಕುಂಬಾರರಿಗೂ ಒಂದು ಮಾತು ಹೇಳಿಟ್ಟರೆ ಮುಂದಿನ ಬೇಸಿಗೆಯೊಳಗೆ ಈ ಕೆಲಸ ಮುಗಿಯುತ್ತದೆ.