ಹುಳಿಗೆ ಏನು ಹಾಕಿದ್ದೀರಿ?

ಮೀನಿಗೆ ಬಿಳಿ ವೈನ್, ಮಾಂಸಕ್ಕೆ ಕೆಂಪು ವೈನ್ ಎನ್ನುವ ಮಾತು ವೈನ್ ಮುಟ್ಟದವರ ಕಿವಿಗೂ ಬಿದ್ದಿರುತ್ತದೆ. ಉಪ್ಪು, ಕರಿಮೆಣಸಷ್ಟೇ ಬಿದ್ದ ಮಾಂಸದ ಮುಂದೆ ಅದು ಸರಿಯೇ. ನಮ್ಮ ತಟ್ಟೆಯಲ್ಲಿ ಮಾತ್ರ ಯಜಮಾನಿಕೆ ಮಸಾಲೆಯದು, ಅದರಲ್ಲೂ ಹುಳಿ–ಖಾರದ್ದು. ಅದೇ ಕೋಳಿ ಹುಣಸೆರಸದಲ್ಲಿ ಬೆಂದರೆ ಒಂದು ರುಚಿ, ತೆಂಗಿನ ಹಾಲಿನಲ್ಲಿ ಬೆಂದರೆ ಬೇರೆಯೇ ರುಚಿ. ರಾತ್ರಿ ಊಟಕ್ಕೆ ಯಾವ ವೈನ್ ತರಲಿ ಎಂದು ಗೆಳೆಯರು ಫೋನ್ ಮಾಡಿದರೆ ನಾನು ಮೊದಲು ವಿಚಾರಿಸುವುದು ಹುಳಿಯನ್ನು. ಹುಣಸೆಯೋ, ಟೊಮೆಟೊವೋ, ಪುನರ್ಪುಳಿಯೋ, ಮೊಸರೋ?

ನೆಲ್ಲಿಕಾಯಿ ತಿಂದ ಮೇಲೆ ನೀರು ಸಿಹಿಯಾಗುವ ಹಾಗೆ, ಹುಳಿ ತುತ್ತಿನ ಹಿಂದೆ ಬಂದ ವೈನಿನ ಹುಳಿ ನಾಲಿಗೆಗೆ ತಗ್ಗಿದಂತೆ ಅನಿಸುತ್ತದೆ. ವೈನಿನಲ್ಲಿ ಮೊದಲೇ ಹುಳಿ ಕಮ್ಮಿಯಿದ್ದರೆ ಅದು ಬರೀ ಸಪ್ಪೆ. ಹುಣಸೆಹಣ್ಣಿಗೂ ದ್ರಾಕ್ಷಿಗೂ ಹುಳಿ ಕೊಡುವ ಮುಖ್ಯ ಆಮ್ಲ ಒಂದೇ, ಟಾರ್ಟಾರಿಕ್. ಈ ನಂಟು ನನಗೆ ತುಂಬ ಇಷ್ಟ. ತಣ್ಣಗಿನ, ಚುರುಕು ಹುಳಿಯ ಸಾವಿನ್ಯೋ ಬ್ಲಾಂಕ್ ಒಂದು ಗುಟುಕು ಕುಡಿಯಿರಿ, ಬೇಳೆ ಹುಳಿ ಕಲಸಿದ ಅನ್ನ ಒಂದು ತುತ್ತು ತಿನ್ನಿ, ಮತ್ತೆ ಗುಟುಕರಿಸಿ. ಎರಡನೆಯ ಗುಟುಕಿನಲ್ಲಿ ಹುಳಿ ಹಿಂದೆ ಸರಿದು ಹಣ್ಣಿನ ರುಚಿ ಮುಂದೆ ಬಂದಿರುತ್ತದೆ. ಹುಳಿಗೆ ದೊಣ್ಣೆಮೆಣಸಿನಕಾಯಿ ಹಾಕಿದ್ದರೆ ಇನ್ನೂ ಚೆನ್ನ. ಆ ಕಾಯಿಯ ಹಸಿರು ಪರಿಮಳಕ್ಕೆ ಕಾರಣವಾದ ಪೈರಜಿನ್‌ಗಳು ಸಾವಿನ್ಯೋ ದ್ರಾಕ್ಷಿಯಲ್ಲೂ ಇವೆ.

ಖಾರದ ಸಂಗತಿ ಬೇರೆ. ಬಾಯಿಯಲ್ಲಿ ಬಿಸಿಯನ್ನು ತಿಳಿಯುವ ಗ್ರಾಹಕವೇ ಮೆಣಸಿನಕಾಯಿಯ ಉರಿಯನ್ನೂ ತಿಳಿಯುತ್ತದೆ. ಅದು ಎಚ್ಚರಗೊಳ್ಳುವುದು ಸುಮಾರು 42 ಡಿಗ್ರಿಯಲ್ಲಿ. ಆಲ್ಕೋಹಾಲ್ ಸೇರಿದರೆ ಆ ಮಿತಿ 34ರ ಆಸುಪಾಸಿಗೆ ಇಳಿಯುವುದನ್ನು ಪ್ರಯೋಗಗಳು ತೋರಿಸಿವೆ. ನಮ್ಮ ಮೈಶಾಖವೇ 37! ಖಾರದ ಸಾರಿನ ಮೇಲೆ ಜೋರು ವೈನ್ ಕುಡಿದರೆ ಬಾಯಿ ಉರಿಯದೆ ಇದ್ದೀತೇ? ಅದಕ್ಕೇ ಅಂಗಡಿಯಲ್ಲಿ ಬಾಟಲಿಯ ಚಿತ್ರಕ್ಕಿಂತ ಮೊದಲು ಶೇಕಡಾವಾರು ಆಲ್ಕೋಹಾಲ್ ಓದಬೇಕು. 14ಕ್ಕಿಂತ 12 ನಮ್ಮ ಊಟಕ್ಕೆ ಹಿತ. ಕೊಂಚ ಸಿಹಿಯಿದ್ದರೆ ಖಾರ ಪಳಗುತ್ತದೆ. ಫ್ರಾನ್ಸಿನ ಲ್ವಾರ್ ಕಣಿವೆಯ ಶೆನಿನ್ ಬ್ಲಾಂಕ್ ಈಗ ನಾಸಿಕದಲ್ಲೂ ಬೆಳೆಯುತ್ತದೆ, ತುಸು ಸಿಹಿ ಉಳಿಸಿಕೊಂಡ ಬಾಟಲಿಗಳೂ ಸಿಗುತ್ತವೆ. ಬಂಗುಡೆ ಪುಳಿಮುಂಚಿಗೆ ಅದಕ್ಕಿಂತ ಒಳ್ಳೆಯ ಜೋಡಿ ನನಗೆ ಗೊತ್ತಿಲ್ಲ. ಕೆಂಪು ವೈನ್ ಮಾತ್ರ ಬೇಡವೇ ಬೇಡ. ಅದರಲ್ಲಿರುವ ಕಬ್ಬಿಣದ ಅಂಶ ಮೀನಿನ ಎಣ್ಣೆಯ ಜೊತೆ ಸೇರಿ ಬಾಯೆಲ್ಲ ಲೋಹದ ವಾಸನೆ.

ಹಾಗೆಂದು ಕೆಂಪು ವೈನ್ ನಮಗೆ ಹೊರಗಿನದೇನಲ್ಲ. ಕನ್ವಲ್ ಗ್ರೋವರ್ 1988ರಲ್ಲಿ ನಂದಿಬೆಟ್ಟದ ಬುಡದಲ್ಲಿ ಕಂಪನಿ ಕಟ್ಟಿ ಫ್ರೆಂಚ್ ತಳಿಗಳನ್ನು ಬೆಳೆಸಿದರು. ಆ ಮಣ್ಣಿನ ಶಿರಾಜ್‌ಗೆ ಬದನೆಕಾಯಿ ಎಣ್ಣೆಗಾಯಿ, ಜೋಳದ ರೊಟ್ಟಿ ಹೇಳಿ ಮಾಡಿಸಿದ ಜೊತೆ. ವೈನಿನ ಒಗರು ಟ್ಯಾನಿನ್‌ನದು. ಅದು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡಾಗ ನಾಲಿಗೆ ಒಣಗಿದಂತಾಗುತ್ತದೆ. ಎಣ್ಣೆಗಾಯಿಯ ಶೇಂಗಾ, ಗುರೆಳ್ಳು, ಮೇಲೆ ತೇಲುವ ಎಣ್ಣೆ ಆ ಒಗರನ್ನು ಮೆತ್ತಗೆ ಮಾಡುತ್ತವೆ. ಬದನೆಕಾಯಿಯನ್ನು ಸೀಳಿ ಮಸಾಲೆ ತುಂಬುವಾಗ ಬ್ಯಾಡಗಿ ಮೆಣಸಿನಪುಡಿ ಹಾಕಿ. ಬಣ್ಣ ಗಾಢವಾಗಿ ಬರುತ್ತದೆ, ಉರಿ ಕಡಿಮೆ. ಕೊಡಗಿನ ಪಂದಿಕರಿಗೂ ಇದೇ ವೈನ್ ಸರಿ. ಅಲ್ಲಿ ಕೊಬ್ಬು ಒಗರನ್ನು ನೋಡಿಕೊಳ್ಳುತ್ತದೆ, ಕಾಚಂಪುಳಿಯ ಹುಳಿ ವೈನಿನ ಹಣ್ಣುರುಚಿಯನ್ನು ಎತ್ತಿಕೊಡುತ್ತದೆ.

ಕೆಂಪು ವೈನನ್ನು ಕೋಣೆಯ ಶಾಖದಲ್ಲೇ ಕುಡಿಯಬೇಕು ಎನ್ನುವವರಿಗೆ ಒಂದು ಮಾತು. ಆ ಕೋಣೆ ಯುರೋಪಿನದು, ಅದರ ಶಾಖ 16–18 ಡಿಗ್ರಿ. ಏಪ್ರಿಲ್ ತಿಂಗಳ ನಮ್ಮ ಅಡುಗೆಮನೆ ಎಲ್ಲಿ, ಅದೆಲ್ಲಿ! ಬಡಿಸುವ ಮುನ್ನ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ.

ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ಮರೆತರೆ ತಪ್ಪಾದೀತು. ಕ್ರಿಸ್ಮಸ್ ಹತ್ತಿರ ಬಂದಾಗ ಕ್ರೈಸ್ತರ ಎಷ್ಟೋ ಮನೆಗಳಲ್ಲಿ ಸಕ್ಕರೆ, ಈಸ್ಟ್, ಹಿಡಿ ಗೋಧಿ ಸೇರಿಸಿ ಭರಣಿಯಲ್ಲಿ ಕೊಳೆಹಾಕುವುದು ಹೆಚ್ಚಾಗಿ ಇದನ್ನೇ. ಆ ಸಿಹಿ ವೈನ್ ಊಟಕ್ಕೆ ಭಾರ, ಪ್ಲಮ್ ಕೇಕಿಗೆ ಸರಿಜೋಡಿ.

ಮೊಸರನ್ನಕ್ಕೆ ಯಾವ ವೈನೂ ಬೇಡ. ಅಷ್ಟು ಹೊತ್ತಿಗೆ ಬಾಟಲಿಯಲ್ಲಿ ಉಳಿದದ್ದನ್ನು ಚಿಕ್ಕ ಶೀಶೆಗೆ ಕಂಠದವರೆಗೆ ತುಂಬಿ, ಗಾಳಿಯಾಡದಂತೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನಕ್ಕೆ ಮೋಸವಿಲ್ಲ. ಮರುದಿನಕ್ಕೆ ಎಣ್ಣೆಗಾಯಿಯೂ ಇನ್ನಷ್ಟು ಮಾಗಿರುತ್ತದೆ.