ನಾಟ್ ಬ್ಯಾಡ್ ಅಂದರ ಅಡ್ಡಿಯಿಲ್ಲ

ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಎದುರಾದರೆ "ಆರಾಮೇನ್ರಿ?" "ಆರಾಮ್ರಿ, ನೀವು?" ಎನ್ನುತ್ತ ಕಾಲು ನಿಲ್ಲಿಸದೆ ಹೋಗಿಬಿಡುತ್ತಾರೆ. ಕೇಳಿದವನಿಗೆ ಉತ್ತರ ಬೇಕಿರುವುದಿಲ್ಲ. ಹೇಳಿದವನೂ ಆರಾಮಾಗಿ ಇರಬೇಕೆಂದಿಲ್ಲ. ತಾಳಿಕೋಟಿ ಬಸ್ಸು ತಪ್ಪಿರಬಹುದು, ತೊಗರಿಗೆ ದರ ಬಿದ್ದಿರಬಹುದು. ಇಂಗ್ಲೆಂಡಿನ "ಆಲ್ ರೈಟ್?" ಕೂಡ ಇದೇ ಜಾತಿಯ ಪ್ರಶ್ನೆ. ಪುಸ್ತಕದಿಂದ ಇಂಗ್ಲಿಷ್ ಕಲಿತವರು ಮಾತ್ರ ಗಾಬರಿಯಾಗುತ್ತಾರೆ: ಯಾಕೆ, ನನ್ನ ಮುಖ ಬಾಡಿದೆಯೆ? ಅವರು "ಐ ಯಾಮ್ ಫೈನ್, ಥ್ಯಾಂಕ್ಯೂ" ಎಂದು ಪೂರಾ ಪಾಠ ಒಪ್ಪಿಸುವಷ್ಟರಲ್ಲಿ ಕೇಳಿದವನು ರಸ್ತೆ ದಾಟಿರುತ್ತಾನೆ.

ನಮ್ಮ ಸಾಲಿಗಳಲ್ಲಿ ಇಂಗ್ಲಿಷ್ ನುಡಿಗಟ್ಟು ಎಂದರೆ ಇಂದಿಗೂ ಬೆಕ್ಕು-ನಾಯಿಗಳ ಮಳೆ. ನಾಲ್ಕು ಹನಿಗಾಗಿ ಮುಗಿಲು ನೋಡುವ ಈ ಯರಿಭೂಮಿಯ ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ಇಂಗ್ಲೆಂಡಿನಲ್ಲಿ ದಿನವೂ ನೆನೆಯುವವರು "ಚಕಿಂಗ್ ಇಟ್ ಡೌನ್" ಅನ್ನುತ್ತಾರೆ. ಖುಷಿಯಾದರೆ ಅವರು "ಚಫ್ಡ್", ದಣಿದರೆ "ನ್ಯಾಕರ್ಡ್". ಮುದಿ ಕುದುರೆಗಳನ್ನು ಕೊಂಡು ಕಡಿಯುತ್ತಿದ್ದ ನ್ಯಾಕರ್ ಎಂಬ ಕಸುಬಿನವನು ಈ ಎರಡನೆಯ ಮಾತಿನೊಳಗೆ ಕೂತಿದ್ದಾನೆ. ಸಂದರ್ಶನಕ್ಕೆ ಹೋದಾಗ ಆಡಬೇಡಿ.

ಅವರ ಬೀದಿಮಾತಿನಲ್ಲಿ ನಮ್ಮ ಕಡೆಯ ಸರಕೂ ಕಡಿಮೆಯಿಲ್ಲ. ಸುಖದ ನೌಕರಿ "ಕುಷಿ", ಒಂದು ಕಣ್ಣು ಹಾಯಿಸುವುದು "ಡೆಕ್ಕೊ". ನನಗೆ ಎಲ್ಲಕ್ಕಿಂತ ಇಷ್ಟ "ಡೂಲಾಲಿ". ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಬ್ರಿಟಿಷ್ ಸೈನ್ಯದ ಶಿಬಿರವಿತ್ತು. ಚಾಕರಿ ಮುಗಿಸಿದ ಸೋಲ್ಜರುಗಳು ಊರಿಗೊಯ್ಯುವ ಹಡಗಿಗಾಗಿ ಅಲ್ಲಿ ತಿಂಗಳುಗಟ್ಟಲೆ ಕಾಯಬೇಕು. ಕೆಲಸವಿಲ್ಲ, ಮೇಲೆ ಬಿಸಿಲು. ಹಾಗೆ ತಲೆಕೆಟ್ಟವನಿಗೆ "ಡೂಲಾಲಿ ಟ್ಯಾಪ್" ಬಡಿದಿದೆ ಅನ್ನುತ್ತಿದ್ದರು. ಆ ಟ್ಯಾಪ್ ನಮ್ಮ ತಾಪವೇ. 1956ರವರೆಗೆ ಮುದ್ದೇಬಿಹಾಳವೂ ದೇವಳಾಲಿಯೂ ಒಂದೇ ಮುಂಬಯಿಯ ಆಡಳಿತದಲ್ಲಿದ್ದವು. ಆದ್ದರಿಂದ ಈ ಪದದಲ್ಲಿ ನಮ್ಮದೂ ಒಂದು ಪಾಲಿದೆಯೆಂದು ನನ್ನ ವಾದ.

ಆದರೆ ಬ್ರಿಟಿಷರ ನಿಜವಾದ ನುಡಿಗಟ್ಟು "ನಾಟ್ ಬ್ಯಾಡ್". ಅದನ್ನು ಅರ್ಥ ಮಾಡಿಕೊಳ್ಳಲು ಅಮೆರಿಕದವರೂ ತಡವರಿಸುತ್ತಾರಂತೆ; ನಮ್ಮವರಿಗೆ ಕಲಿಸಬೇಕಾಗಿಯೇ ಇಲ್ಲ. ರಾಶಿ ಮುಗಿಸಿ ಕೂತ ರೈತನನ್ನು "ಜ್ವಾಳ ಹ್ಯಾಂಗ ಬಂದಾವ್ರಿ?" ಎಂದು ಕೇಳಿ ನೋಡಿ. ಚೀಲ ಇಡಲು ಮನೆಯಲ್ಲಿ ಜಾಗ ಸಾಲದಿದ್ದರೂ ಬರುವ ಉತ್ತರ "ಅಡ್ಡಿಯಿಲ್ರಿ". ಮಗಳು ತಾಲೂಕಿಗೇ ಮೊದಲು ಬಂದರೂ ಅಪ್ಪ ಹೇಳುವುದು ಅಷ್ಟೇ. ಹೆಚ್ಚು ಹೊಗಳಿದರೆ ದೃಷ್ಟಿ ತಾಗೀತೆಂಬ ಅಂಜಿಕೆ ನಮ್ಮದು, ಸಂಕೋಚ ಇಂಗ್ಲಿಷರದು. ದನಿಯಂತೂ ಒಂದೇ.

ಹಾಗಾಗಿ ನಿಮ್ಮ ಅಡುಗೆ ಉಂಡ ಇಂಗ್ಲಿಷಿನವನು "ನಾಟ್ ಬ್ಯಾಡ್" ಎಂದರೆ ಇನ್ನೊಂದು ರೊಟ್ಟಿ ಬಡಿಸಿರಿ. "ಕ್ವೈಟ್ ಗುಡ್" ಎಂದರೆ ಹಿಗ್ಗಬೇಡಿ. ಎಷ್ಟೋ ಸಲ ಅವರ ಬಾಯಲ್ಲಿ ಅದಕ್ಕೆ "ಸುಮಾರು" ಎಂದಷ್ಟೇ ಅರ್ಥ.