‘ಏನೂ ಆಗಿಲ್ಲ’ ಎಂಬ ಮಾತಿನ ಅರ್ಥ

ನೋವನ್ನು ಹೇಳಿಕೊಳ್ಳಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಹಲ್ಲು ಜುಮ್ಮೆನ್ನುತ್ತದೆ, ಗಾಯ ಉರಿಯುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ, ಹೊಟ್ಟೆ ನುಲಿಯುತ್ತದೆ, ತಲೆ ಸಿಡಿಯುತ್ತದೆ. ಈ ಎಲ್ಲ ವಾಕ್ಯಗಳಲ್ಲಿಯೂ ಕರ್ತೃಸ್ಥಾನದಲ್ಲಿರುವುದು ದೇಹದ ಒಂದು ಅವಯವ, ಇಲ್ಲವೇ ದೇಹದ ಮೇಲಿನ ಗಾಯ. ಇಂಥ ವಾಕ್ಯವನ್ನು ಆಡಬೇಕಾದವನು ನೋಯುವ ಜಾಗವನ್ನು ಗುರುತಿಸಬೇಕು, ಆ ಅನುಭವಕ್ಕೊಂದು ಹೆಸರು ಕೊಡಬೇಕು, ಹೇಳಿದರೆ ಎದುರಿಗಿರುವವರಿಗೆ ತಿಳಿಯುತ್ತದೆಂದು ನಂಬಬೇಕು. ಆಟಿಸಂ ಇರುವ ಅನೇಕ ಮಕ್ಕಳಿಗೆ ಈ ಮೂರೂ ಸುಲಭವಲ್ಲ.

ಹಾಸನ ಸೀಮೆಯ ಒಂದು ಊರಿನ ಒಂಬತ್ತು ವರ್ಷದ ಬಾಲಕನೊಬ್ಬ ಜಾರುಬಂಡೆಯಿಂದ ಬಿದ್ದು ಬಲ ಮುಂಗೈ ಮೂಳೆ ಮುರಿದುಕೊಂಡ. ಆರು ವಾರಗಳ ನಂತರ ಪ್ಲಾಸ್ಟರ್ ತೆಗೆದರು. ಎಕ್ಸ್‌ರೇ ನೋಡಿದ ವೈದ್ಯರು ಮೂಳೆ ಚೆನ್ನಾಗಿ ಕೂಡಿದೆಯೆಂದರು. ಆದರೆ ನಾಲ್ಕು ತಿಂಗಳು ಕಳೆದರೂ ಹುಡುಗ ತುಂಬುತೋಳಿನ ಅಂಗಿ ತೊಡಲೊಲ್ಲ. ರಾತ್ರಿ ಎದ್ದು ಕೂರುತ್ತಿದ್ದ. ಅಜ್ಜಿ ಕೈತುತ್ತು ಕೊಡಲು ಬಂದರೆ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದ. ಅಳುತ್ತಿರಲಿಲ್ಲ. ‘ಏನೂ ಆಗಿಲ್ಲ, ಏನೂ ಆಗಿಲ್ಲ’ ಎಂದು ಒಂದೇ ರಾಗದಲ್ಲಿ ಹೇಳುತ್ತಿದ್ದ. ಮನೆಯವರು ಅದನ್ನು ಇದ್ದಂತೆಯೇ ನಂಬಿದರು. ಉಳಿದದ್ದೆಲ್ಲ ಹಠವೆಂದು, ಇಲ್ಲವೇ ಆಟಿಸಂನ ಸ್ವಭಾವವೆಂದು ವೈದ್ಯರೂ ಬಂಧುಗಳೂ ತೀರ್ಮಾನಿಸಿದರು.

ತಾಯಿಗೆ ಮಾತ್ರ ಸಮಾಧಾನವಾಗಲಿಲ್ಲ. ಆಕೆ ಒಂದು ನೋಟ್‌ಬುಕ್ ಇಟ್ಟು, ಮಗ ಆ ಮಾತನ್ನು ಯಾವಾಗ, ಏನು ಮಾಡಿದ ಮೇಲೆ ಆಡುತ್ತಾನೆಂದು ಬರೆಯತೊಡಗಿದರು. ಎರಡು ವಾರಗಳಲ್ಲಿ ಒಂದು ಕ್ರಮ ಕಂಡಿತು: ಬರೆದ ಮೇಲೆ, ಶಾಲೆಯ ಚೀಲ ಹೊತ್ತ ಮೇಲೆ, ಬೆಳಗಿನ ಹೊತ್ತು ತಣ್ಣೀರು ಕೈಗೆ ತಗುಲಿದಾಗ. ಆಗ ಆಕೆಗೆ ನೆನಪಾಯಿತು. ಬಿದ್ದ ದಿನ ಮಗುವನ್ನು ಎತ್ತಿಕೊಂಡ ಅಜ್ಜ ದಾರಿಯುದ್ದಕ್ಕೂ ಹೇಳಿದ್ದು ಇದನ್ನೇ: ‘ಏನೂ ಆಗಿಲ್ಲ ಮಗಾ, ಏನೂ ಆಗಿಲ್ಲ.’ ಅಜ್ಜನ ಸಾಂತ್ವನದ ಮಾತು ಮೊಮ್ಮಗನ ಪಾಲಿಗೆ ನೋವಿನ ಹೆಸರಾಗಿ ಉಳಿದಿತ್ತು.

ಇಂಥದ್ದು ಹೊಸತೇನಲ್ಲ. 1943ರಲ್ಲಿ ಹನ್ನೊಂದು ಮಕ್ಕಳನ್ನು ಕುರಿತು ಬರೆದು ಆಟಿಸಂಗೆ ವೈದ್ಯಕೀಯ ವಿವರಣೆ ಕೊಟ್ಟ ಲಿಯೋ ಕ್ಯಾನರ್, 1946ರ ಇನ್ನೊಂದು ಲೇಖನದಲ್ಲಿ, ಈ ಮಕ್ಕಳ ಅಸಂಬದ್ಧವೆನಿಸುವ ಮಾತುಗಳಿಗೆ ಅವರದೇ ಹಿಂದಿನ ಅನುಭವದಲ್ಲಿ ಬೇರುಗಳಿರುತ್ತವೆಂದು ತೋರಿಸಿದ. ಅಲಂಕಾರಶಾಸ್ತ್ರ ಬಲ್ಲವರು ಇದನ್ನು ಲಕ್ಷಣಾರ್ಥವೆಂದು ಕರೆದಾರು. ಆದರೆ ಇಲ್ಲಿ ವಾಚ್ಯಾರ್ಥವನ್ನು ದಾಟಿ ಲಕ್ಷ್ಯಾರ್ಥಕ್ಕೆ ಹೋಗಬೇಕಾದರೆ ಆ ಮಗುವಿನ ಬದುಕು ತಿಳಿದಿರಬೇಕು. ಈ ಮಕ್ಕಳಿಗೆ ನೋವು ಕಡಿಮೆಯೆಂಬ ಹಳೆಯ ನಂಬಿಕೆ ಬೆಳೆದದ್ದಕ್ಕೆ ಮುಖ್ಯ ಕಾರಣ, ಅವರ ನೋವು ನಾವು ನಿರೀಕ್ಷಿಸುವ ರೂಪದಲ್ಲಿ ಹೊರಬರದಿರುವುದು. ಅಂತಾರಾಷ್ಟ್ರೀಯ ನೋವು ಅಧ್ಯಯನ ಸಂಘವು 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ನೋವನ್ನು ವ್ಯಕ್ತಪಡಿಸುವ ಹಲವು ಬಗೆಗಳಲ್ಲಿ ಮಾತು ಒಂದು ಮಾತ್ರ, ಹೇಳಲಾರದವನಿಗೆ ನೋವಿಲ್ಲವೆಂದು ಭಾವಿಸಬಾರದು ಎಂಬುದನ್ನು ಸ್ಪಷ್ಟವಾಗಿ ಸೇರಿಸಿತು. ಮುಖ, ಕಾಲು, ಚಲನೆ, ಅಳು, ಸಮಾಧಾನಗೊಳ್ಳುವಿಕೆ ಎಂಬ ಐದನ್ನು ನೋಡಿ ಹತ್ತರವರೆಗೆ ಅಂಕ ಕೊಡುವ ‘ಫ್ಲ್ಯಾಕ್’ ಎಂಬ ಅಳತೆಯೊಂದಿದೆ. ಅದರ ಪರಿಷ್ಕೃತ ರೂಪದಲ್ಲಿ ತಮ್ಮ ಮಗುವಿಗೇ ವಿಶಿಷ್ಟವಾದ ಚಿಹ್ನೆಗಳನ್ನು ಹೆತ್ತವರು ಸೇರಿಸಬಹುದು. ತಾಯಿಯ ತಿಳಿವಳಿಕೆಗೆ ಅಲ್ಲಿ ಪ್ರಮಾಣದ ಸ್ಥಾನವಿದೆ.

ಎರಡನೆಯ ಮೂಳೆವೈದ್ಯರು ನೋಟ್‌ಬುಕ್ಕನ್ನು ಪೂರ್ತಿ ಓದಿ ಕೈಯನ್ನು ಮತ್ತೆ ಪರೀಕ್ಷಿಸಿದರು. ಮಣಿಕಟ್ಟು ಬಿಗಿದಿತ್ತು, ಅಂಗೈಯನ್ನು ಮೇಲಕ್ಕೆ ತಿರುಗಿಸಿದರೆ ನೋಯುತ್ತಿತ್ತು. ಕೈತುತ್ತು ಬೇಡವಾದದ್ದು ಅದಕ್ಕೆ. ಸುತ್ತಲಿನ ಚರ್ಮಕ್ಕೆ ಬಟ್ಟೆಯ ಸ್ಪರ್ಶವೂ ಸಹಿಸದಾಗಿತ್ತು. ಮೂರು ತಿಂಗಳು ದಾಟಿದ ನೋವನ್ನು ದೀರ್ಘಕಾಲಿಕವೆಂದು ವೈದ್ಯಶಾಸ್ತ್ರ ಎಣಿಸುತ್ತದೆ. ಮೂಳೆ ಕೂಡಿದ ಮೇಲೂ ಅದು ಉಳಿಯಬಲ್ಲದು.

ಫಿಸಿಯೋಥೆರಪಿ ದಿನವೂ ಒಂದೇ ಹೊತ್ತಿಗೆ, ಹತ್ತು ನಿಮಿಷ ಮಾತ್ರ ನಡೆಯಿತು. ಏನು ಮಾಡಲಾಗುವುದೆಂಬುದನ್ನು ಮೊದಲು ಚಿತ್ರಗಳಲ್ಲಿ, ಆಮೇಲೆ ತಂದೆಯ ಕೈಮೇಲೆ ತೋರಿಸುತ್ತಿದ್ದರು. ಹುಡುಗ ಕೆಂಪು ಚೀಟಿ ಎತ್ತಿದರೆ ಕೂಡಲೇ ನಿಲ್ಲಿಸಬೇಕು; ಈ ಒಪ್ಪಂದವನ್ನು ಯಾರೂ ಒಮ್ಮೆಯೂ ಮುರಿಯಲಿಲ್ಲ. ಮೊದಲ ವಾರ ಚೀಟಿ ಎತ್ತುವುದೇ ಅವನ ಕೆಲಸವಾಗಿತ್ತು. ನಿಜಕ್ಕೂ ನಿಲ್ಲಿಸುತ್ತಾರೆಂದು ಖಾತ್ರಿಯಾದ ಮೇಲೆ ಎತ್ತುವುದು ಕಡಿಮೆಯಾಯಿತು. ಅಂಗಿಗಳ ತೋಳು ಕತ್ತರಿಸಿದರು, ಬಿಸಿನೀರು ಕೊಟ್ಟರು, ಬರೆಯುವ ಕೆಲಸವನ್ನು ತುಂಡುತುಂಡಾಗಿ ಹಂಚಿದರು. ಅಜ್ಜಿಗೆ ಅವನು ಎಡಗೈ ಒಡ್ಡತೊಡಗಿದ. ಆಕೆ ಎಡಗೈಯೆಂದು ಆಕ್ಷೇಪಿಸದೆ ತುತ್ತಿಟ್ಟರು.

ನೋವು ಪೂರ್ತಿ ಹೋಗಿಲ್ಲ. ಚಳಿಗಾಲದಲ್ಲಿ ಮರಳುತ್ತದೆ. ದೇಹದ ಚಿತ್ರದಲ್ಲಿ ಮಣಿಕಟ್ಟನ್ನು ತೋರಿಸುವುದನ್ನು ಹುಡುಗ ಕಲಿತಿದ್ದಾನೆ. ಹಳೆಯ ಮಾತನ್ನೂ ಬಿಟ್ಟಿಲ್ಲ, ಬಿಡಿಸಲು ಯಾರೂ ಯತ್ನಿಸುವುದೂ ಇಲ್ಲ. ಹೊಸ ತರಗತಿಯ ಅಧ್ಯಾಪಕಿಗೆ ತಾಯಿ ಕೊಟ್ಟ ಪತ್ರದ ಮೊದಲ ಸಾಲು ಇಷ್ಟು: ಇವನು ‘ಏನೂ ಆಗಿಲ್ಲ’ ಎಂದರೆ ಕೈ ನೋಯುತ್ತಿದೆಯೆಂದು ತಿಳಿದು, ದಯವಿಟ್ಟು ಚೀಲ ಇಳಿಸಿಕೊಳ್ಳಿ.